ಸೋತವನ ಕೈಗೆ ಸಿಕ್ಕ ಚೆಂಡು: ಜಪಾನಿನ ಹೈಸ್ಕೂಲ್ ಬೇಸ್‌ಬಾಲ್ ಕಥೆ

ಆಗಸ್ಟ್ ತಿಂಗಳು ಬಂತೆಂದರೆ ಜಪಾನಿನ ಹಳ್ಳಿ, ಪಟ್ಟಣಗಳ ಟಿವಿಗಳಲ್ಲಿ ಒಂದೇ ಮೈದಾನ ಕಾಣುತ್ತದೆ. ಅದರ ಹೆಸರು ಕೋಶಿಯೆನ್. ಆಡುವವರು ಸಂಬಳ ಪಡೆಯುವ ಆಟಗಾರರಲ್ಲ, ಹೈಸ್ಕೂಲಿನ ಹುಡುಗರು. ಸುಮಾರು ಮೂರೂವರೆ ಸಾವಿರ ಶಾಲೆಗಳು ತಮ್ಮ ತಮ್ಮ ಪ್ರಾಂತ್ಯದಲ್ಲಿ ಆಡಿ, ಕೊನೆಗೆ 49 ತಂಡಗಳು ಮಾತ್ರ ಇಲ್ಲಿಗೆ ಬರುತ್ತವೆ. ಒಂದು ಪಂದ್ಯ ಸೋತರೆ ಮುಗಿಯಿತು, ಗಂಟುಮೂಟೆ ಕಟ್ಟಬೇಕು. ಹಾಗಾಗಿ ಒಂದೇ ಒಂದು ತಂಡ ಬಿಟ್ಟು ಉಳಿದೆಲ್ಲ ತಂಡಗಳೂ ಸೋತೇ ಮನೆಗೆ ಹೋಗುತ್ತವೆ.

ಅಷ್ಟೊಂದು ಮಕ್ಕಳು ಸೋಲುವ ಆಟದಲ್ಲಿ ಸೋತವರನ್ನು ಹೇಗೆ ನಡೆಸಿಕೊಳ್ಳಬೇಕು? ಗೆದ್ದವರು ಹೇಗಿರಬೇಕು? ನೂರು ವರ್ಷಕ್ಕೂ ಹಿಂದಿನಿಂದ ಈ ಟೂರ್ನಿ ಇದೇ ಪ್ರಶ್ನೆಗೆ ಉತ್ತರ ಹುಡುಕುತ್ತಾ ಬಂದಿದೆ. ಕೆಲವು ಸಲ ಸಿಕ್ಕಿದೆ, ಕೆಲವು ಸಲ ಸಿಕ್ಕಿಲ್ಲ. ಆ ಇತಿಹಾಸದ ನಾಲ್ಕೈದು ಪುಟಗಳನ್ನು ನಾವಿಲ್ಲಿ ತೆರೆಯುತ್ತಿದ್ದೇವೆ.

ಬೈದ ಪತ್ರಿಕೆಯ ಮನೆಯಿಂದಲೇ ಟೂರ್ನಿ

ಮೊದಲು ಆಟದ ಬಗ್ಗೆ ಎರಡು ಮಾತು. ಕ್ರಿಕೆಟ್ ಗೊತ್ತಿದ್ದವರಿಗೆ ಬೇಸ್‌ಬಾಲ್ ಕಷ್ಟವಲ್ಲ. ಬೌಲರ್ ಜಾಗದಲ್ಲಿ ಪಿಚರ್, ವಿಕೆಟ್ ಕೀಪರ್ ಜಾಗದಲ್ಲಿ ಕ್ಯಾಚರ್. ಮೂವರು ಔಟಾದರೆ ಇನ್ನೊಂದು ತಂಡದ ಸರದಿ. ಹೀಗೆ ಒಂಬತ್ತು ಇನಿಂಗ್ಸ್. ಆಗಲೂ ಸಮವಾಗಿದ್ದರೆ ಆಟ ಮುಂದುವರಿಯುತ್ತದೆ.

ಪತ್ರಿಕೋದ್ಯಮ ಓದಿದ ನಮಗೆ ಈ ಟೂರ್ನಿ ಹುಟ್ಟಿದ ಬಗೆಯೇ ತಮಾಷೆಯಾಗಿ ಕಾಣುತ್ತದೆ. 1911ರಲ್ಲಿ ಟೋಕಿಯೋದ ಅಸಾಹಿ ಪತ್ರಿಕೆ ಬೇಸ್‌ಬಾಲ್‌ನಿಂದ ಹುಡುಗರು ಕೆಡುತ್ತಾರೆ ಎಂದು ಸಾಲು ಸಾಲು ಲೇಖನ ಬರೆಯಿತು. ಆ ಕಾಲದ ದೊಡ್ಡ ವಿದ್ವಾಂಸರಾಗಿದ್ದ ನಿತೊಬೆ ಇನಾಜೊ ಅವರೂ ಅದರಲ್ಲಿ ಈ ಆಟವನ್ನು ಜೇಬುಗಳ್ಳರ ಬುದ್ಧಿಗೆ ಹೋಲಿಸಿ ಟೀಕಿಸಿದ್ದರು. ಎದುರಾಳಿಯ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡುವ ಆಟವಲ್ಲವೇ ಎಂಬುದು ಆಕ್ಷೇಪ.

ಇದಾಗಿ ನಾಲ್ಕೇ ವರ್ಷಕ್ಕೆ, 1915ರಲ್ಲಿ, ಅದೇ ಬಳಗದ ಒಸಾಕಾ ಅಸಾಹಿ ಪತ್ರಿಕೆ ಶಾಲಾ ತಂಡಗಳ ರಾಷ್ಟ್ರೀಯ ಟೂರ್ನಿ ಶುರು ಮಾಡಿತು! ಅಂತಿಮ ಸುತ್ತಿಗೆ ಬಂದದ್ದು 10 ತಂಡಗಳು. ಫೈನಲ್‌ನಲ್ಲಿ ಕ್ಯೋಟೊದ ಶಾಲೆ ಅಕಿತಾ ಪ್ರಾಂತ್ಯದ ಶಾಲೆಯನ್ನು 13 ಇನಿಂಗ್ಸ್ ಆಡಿ 2-1ರಿಂದ ಸೋಲಿಸಿತು. ಈ ಅಕಿತಾ ಹೆಸರನ್ನು ನೆನಪಿಡಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಆಟದ ಮೊದಲು ಮತ್ತು ಕೊನೆಗೆ ಎರಡೂ ತಂಡಗಳು ಎದುರು ಬದುರು ಸಾಲಾಗಿ ನಿಂತು ತಲೆಬಾಗಿ ವಂದಿಸುವ ಪದ್ಧತಿ ಆಗಿನಿಂದಲೇ ಬಂದದ್ದು. ಹುಡುಗರು ಕೆಡುತ್ತಾರೆ ಎಂಬ ದೂರಿಗೆ ಅದೇ ಉತ್ತರವೂ ಆಯಿತು.

1918ರಲ್ಲಿ ಅಕ್ಕಿ ಬೆಲೆ ಏರಿ ದೇಶದಲ್ಲಿ ದಂಗೆ ಎದ್ದಾಗ ಟೂರ್ನಿ ರದ್ದಾಯಿತು. 1924ರಲ್ಲಿ ಒಸಾಕಾ ಮತ್ತು ಕೋಬೆ ನಗರಗಳ ನಡುವೆ ಹನ್ಶಿನ್ ರೈಲು ಕಂಪನಿ ದೊಡ್ಡ ಮೈದಾನ ಕಟ್ಟಿತು. ನಮ್ಮ ಪಂಚಾಂಗದಂತೆ ಅವರದೂ ಅರವತ್ತು ವರ್ಷದ ಚಕ್ರ. ನಮ್ಮ 'ಪ್ರಭವ' ಇದ್ದ ಹಾಗೆ ಅವರ ಚಕ್ರದ ಮೊದಲ ವರ್ಷಕ್ಕೆ 'ಕೋಶಿ' ಅಥವಾ 'ಕಿನೊಎ-ನೆ' ಎನ್ನುತ್ತಾರೆ. 1924 ಅಂಥ ವರ್ಷವಾದ್ದರಿಂದ ಮೈದಾನಕ್ಕೆ ಕೋಶಿಯೆನ್ ಎಂಬ ಹೆಸರು ಬಂತು.

ಸಮುದ್ರಕ್ಕೆ ಬಿದ್ದ ಮಣ್ಣು

ಕೋಶಿಯೆನ್‌ನಲ್ಲಿ ಸೋತ ಹುಡುಗರು ಮೈದಾನದ ಮಣ್ಣನ್ನು ಕೈಯಲ್ಲಿ ಬಾಚಿ ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಅಳುತ್ತಲೇ ತುಂಬಿಕೊಳ್ಳುತ್ತಾರೆ. ಊರಿಗೆ ಒಯ್ದು ಜೋಪಾನವಾಗಿ ಇಡುತ್ತಾರೆ.

1958ರಲ್ಲಿ ಒಕಿನಾವಾ ದ್ವೀಪದ ಶುರಿ ಹೈಸ್ಕೂಲ್ ಮೊದಲ ಬಾರಿಗೆ ಇಲ್ಲಿಗೆ ಬಂತು. ಎರಡನೇ ಮಹಾಯುದ್ಧದಲ್ಲಿ ಸುಟ್ಟು ಬೂದಿಯಾಗಿದ್ದ ಒಕಿನಾವಾ ಆಗ ಅಮೆರಿಕದ ಆಡಳಿತದಲ್ಲಿತ್ತು. ಶುರಿ ತಂಡ ಮೊದಲ ಪಂದ್ಯದಲ್ಲೇ ತ್ಸುರುಗಾ ಶಾಲೆಗೆ 3-0ರಿಂದ ಸೋತಿತು. ಹುಡುಗರು ಎಲ್ಲರಂತೆ ಮಣ್ಣು ತುಂಬಿಕೊಂಡು ಹಡಗು ಹತ್ತಿದರು. ನಾಹಾ ಬಂದರಿನಲ್ಲಿ ಅಧಿಕಾರಿಗಳು ತಡೆದರು. ಸಸ್ಯರೋಗ ತಡೆಯುವ ಕಾನೂನಿನ ಪ್ರಕಾರ ಹೊರದೇಶದ ಮಣ್ಣು ಒಳಗೆ ತರುವಂತಿಲ್ಲ. ಜಪಾನಿನ ಮಣ್ಣು ಅವರಿಗೆ ಹೊರದೇಶದ ಮಣ್ಣಾಗಿತ್ತು! ಅಷ್ಟನ್ನೂ ಅಲ್ಲೇ ಚೆಲ್ಲಿಸಲಾಯಿತು.

ಸುದ್ದಿ ಓದಿದ ಜಪಾನ್ ಏರ್‌ಲೈನ್ಸ್‌ನ ಗಗನಸಖಿಯರಿಗೆ ಒಂದು ಉಪಾಯ ಹೊಳೆಯಿತು. ಮಣ್ಣಿಗೆ ತಾನೇ ನಿಷೇಧ, ಕಲ್ಲಿಗೆ ಇಲ್ಲವಲ್ಲ! ಕೋಶಿಯೆನ್‌ನ ಸಣ್ಣ ಸಣ್ಣ ಕಲ್ಲುಗಳನ್ನು ಆರಿಸಿ ಶುರಿ ಶಾಲೆಗೆ ಕಳಿಸಿಕೊಟ್ಟರು. ಆ ಕಲ್ಲುಗಳನ್ನು ಕೂರಿಸಿದ ಸ್ಮಾರಕ ಇಂದಿಗೂ ಶಾಲೆಯಲ್ಲಿದೆ. ಒಕಿನಾವಾ ಜಪಾನಿಗೆ ಮರಳಿದ್ದು 1972ರಲ್ಲಿ. ಒಕಿನಾವಾದ ಶಾಲೆಯೊಂದು ಬೇಸಿಗೆಯ ಕಪ್ ಗೆದ್ದದ್ದು 2010ರಲ್ಲಿ.

ಹದಿನೆಂಟು ಇನಿಂಗ್ಸ್‌ನ ರಾತ್ರಿ

ಈಗ 1979ರ ಆಗಸ್ಟ್ 16ಕ್ಕೆ ಬರೋಣ. ಮೂರನೇ ಸುತ್ತು. ಒಂದು ಕಡೆ ಕಿತ್ತಳೆ ತೋಟಗಳ ಅರಿದಾ ಊರಿನ ಮಿನೊಶಿಮಾ ಹೈಸ್ಕೂಲ್. ಅದೇ ವರ್ಷ ವಸಂತದ ಟೂರ್ನಿ ಗೆದ್ದಿದ್ದ ತಂಡ. ಇನ್ನೊಂದು ಕಡೆ ಕನಜಾವಾ ನಗರದ ಸೆಯ್‌ರ್ಯೊ ಹೈಸ್ಕೂಲ್. ಸಂಜೆ ನಾಲ್ಕು ದಾಟಿದ ಮೇಲೆ ಪಂದ್ಯ ಶುರುವಾಯಿತು.

ಒಂಬತ್ತು ಇನಿಂಗ್ಸ್ ಮುಗಿದಾಗ 1-1. ಹನ್ನೆರಡನೆಯದರಲ್ಲಿ ಸೆಯ್‌ರ್ಯೊ ಒಂದು ರನ್ ಹೆಚ್ಚು ಗಳಿಸಿತು. ಮಿನೊಶಿಮಾ ಸರದಿಯಲ್ಲಿ ಇಬ್ಬರು ಔಟ್. ಇನ್ನೊಬ್ಬ ಔಟಾದರೆ ಕಥೆ ಮುಗಿಯಿತು ಎನ್ನುವಾಗ ಹೋಮ್‌ರನ್ ಬಂತು, ಮತ್ತೆ ಸಮ.

ಹದಿನಾರನೆಯದರಲ್ಲಿ ಸೆಯ್‌ರ್ಯೊ ಮತ್ತೆ ಮುಂದೆ. ಮಿನೊಶಿಮಾದ ಇಬ್ಬರು ಮತ್ತೆ ಔಟ್. ಮುಂದಿನ ಬ್ಯಾಟರ್ ಹೊಡೆದ ಚೆಂಡು ಗೆರೆಯಾಚೆ ಮೇಲಕ್ಕೆದ್ದಿತು. ಬೇಸ್‌ಬಾಲ್‌ನಲ್ಲಿ ಗೆರೆಯಾಚೆ ಹೋದ ಚೆಂಡನ್ನೂ ಹಿಡಿದರೆ ಔಟು. ಮೊದಲ ಬೇಸ್ ಕಾಯುತ್ತಿದ್ದ ಸೆಯ್‌ರ್ಯೊ ಹುಡುಗ ಚೆಂಡಿನ ಕೆಳಗೆ ಓಡಿದ. ಸುಲಭದ ಕ್ಯಾಚ್. ಆದರೆ ಅಲ್ಲಿ ಹಾಸಿದ್ದ ಕೃತಕ ಹುಲ್ಲಿನ ಅಂಚಿಗೆ ಅವನ ಬೂಟಿನ ಮೊಳೆ ಸಿಕ್ಕಿಕೊಂಡಿತು. ಹುಡುಗ ಮುಗ್ಗರಿಸಿ ಬಿದ್ದ, ಚೆಂಡೂ ನೆಲಕ್ಕೆ ಬಿತ್ತು. ಜೀವದಾನ ಪಡೆದ ಅದೇ ಬ್ಯಾಟರ್ ಸ್ವಲ್ಪ ಹೊತ್ತಿನಲ್ಲೇ ಹೋಮ್‌ರನ್ ಬಾರಿಸಿದ. 3-3.

ಆಗಿನ ನಿಯಮದಂತೆ 18 ಇನಿಂಗ್ಸ್ ಕೊನೆಯ ಗಡಿ. ಅಲ್ಲಿಗೂ ಸಮವಾದರೆ ಮರುದಿನ ಹೊಸದಾಗಿ ಆಡಬೇಕು. ಹದಿನೆಂಟನೆಯದರ ಕೊನೆಯಲ್ಲಿ ಮಿನೊಶಿಮಾ ಗೆಲುವಿನ ರನ್ ಗಳಿಸಿತು. 4-3. ಗಡಿಯಾರದಲ್ಲಿ ಎಂಟು ಗಂಟೆಗೆ ನಾಲ್ಕೇ ನಿಮಿಷ ಬಾಕಿ. ಸೆಯ್‌ರ್ಯೊ ಪಿಚರ್ ಕತಾದ ತೊಶಿಯಾಕಿ 208 ಎಸೆತ ಎಸೆದಿದ್ದ. ಗೆದ್ದ ತಂಡದ ಪಿಚರ್ 257.

ಪಂದ್ಯ ಮುಗಿದ ಮೇಲೆ ಅಂಪೈರ್ ನಗಾನೊ ಮೊತೊಹಾರು ಆ ದಿನ ಆಡಿದ ಚೆಂಡನ್ನು ತಂದು ಸೋತ ಕತಾದನ ಕೈಗಿಟ್ಟರು.

ಅಂಪೈರ್ ಹಾಗೇಕೆ ಮಾಡಿದರು? ಅವರ ಹಿಂದಿನ ಕಥೆ ಗೊತ್ತಾದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 1953ರ ಕೋಶಿಯೆನ್ ಫೈನಲ್‌ನಲ್ಲಿ ನಗಾನೊ ತೊಸಾ ಶಾಲೆಯ ಕ್ಯಾಚರ್ ಆಗಿದ್ದರು. ಕೊನೆಯ ಇನಿಂಗ್ಸ್, ತಂಡ ಒಂದು ರನ್ ಮುಂದೆ, ಇಬ್ಬರು ಔಟ್, ಬ್ಯಾಟರ್‌ಗೆ ಎರಡು ಸ್ಟ್ರೈಕ್. ಬ್ಯಾಟಿನ ಅಂಚಿಗೆ ತಾಗಿ ಹಿಂದೆ ಬಂದ ಚೆಂಡು ನಗಾನೊ ಗ್ಲೌಸಿಗೆ ಬಡಿದು ಕೆಳಗೆ ಬಿತ್ತು. ಹಿಡಿದಿದ್ದರೆ ಕಪ್ ಅವರದು. ಬಿಟ್ಟದ್ದರಿಂದ ಪಂದ್ಯ ಸಮವಾಗಿ, 13 ಇನಿಂಗ್ಸ್‌ವರೆಗೆ ಹೋಗಿ, ತೊಸಾ ಸೋತಿತು. ಕೈಗೆ ಬಂದದ್ದು ಜಾರಿ ಬೀಳುವುದೆಂದರೇನು ಎಂಬುದು ಆ ಮೈದಾನದಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಕತಾದ ಮುಂದೆ ಕಂಪನಿ ತಂಡದಲ್ಲಿ ಆಡಿ, ಆಮೇಲೆ ತಾವೂ ಅಂಪೈರ್ ಆಗಿ ಕೋಶಿಯೆನ್‌ಗೆ ಮರಳಿದರು. ಮಿನೊಶಿಮಾ ಆ ವರ್ಷ ಬೇಸಿಗೆಯ ಕಪ್ಪನ್ನೂ ಗೆದ್ದಿತು. ಎರಡೂ ತಂಡಗಳ ಕೋಚ್‌ಗಳಾದ ಬಿತೋ ತದಾಶಿ ಮತ್ತು ಯಾಮಾಶಿತ ತೊಮೊಶಿಗೆ ಅವರ ನಂಟು ಬೆಳೆಯಿತು. ಎಷ್ಟೋ ವರ್ಷಗಳ ಮೇಲೆ, ಹೊಟ್ಟೆ ಬಂದು ಕೂದಲು ನರೆಯುವ ವಯಸ್ಸಿನಲ್ಲಿ, ಅದೇ ಆಟಗಾರರು ಮತ್ತೆ ಸೇರಿ ಸ್ನೇಹದ ಪಂದ್ಯ ಆಡಿದರು.

ನಿಯಮ ಮೀರದ ತಪ್ಪು?

ಹದಿಮೂರು ವರ್ಷ ಕಳೆಯಿತು. 1992ರ ಅದೇ ಆಗಸ್ಟ್ 16. ಮತ್ತೆ ಸೆಯ್‌ರ್ಯೊ, ಮತ್ತೆ ಕೋಚ್ ಯಾಮಾಶಿತ. ಎದುರಾಳಿ ಕೋಚಿ ಪ್ರಾಂತ್ಯದ ಮೆಯ್ತೊಕು ಗಿಜುಕು. ಈ ಸಲ ಸೆಯ್‌ರ್ಯೊ ತಂಡದಲ್ಲಿ ದೇಶವೇ ಕಣ್ಣಿಟ್ಟಿದ್ದ ಹುಡುಗನಿದ್ದ, ಮತ್ಸುಯಿ ಹಿದೆಕಿ. ಚೆಂಡು ಸಿಕ್ಕರೆ ಆಚೆಗೇ ಕಳಿಸುವ ತಾಕತ್ತು.

ಮೆಯ್ತೊಕು ಕೋಚ್ ಮಾಬುಚಿ ಶಿರೊ ಅವರ ಮುಖ್ಯ ಪಿಚರ್‌ಗೆ ಗಾಯವಾಗಿತ್ತು. ಅವರು ಒಂದು ತೀರ್ಮಾನಕ್ಕೆ ಬಂದರು. ಮತ್ಸುಯಿಗೆ ಹೊಡೆಯುವ ಚೆಂಡನ್ನೇ ಕೊಡಬಾರದು. ಬೇಕೆಂದೇ ನಾಲ್ಕು ಚೆಂಡು ದೂರ ಎಸೆದರೆ ಬ್ಯಾಟರ್ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ಹೋಗುತ್ತಾನೆ, ಆದರೆ ಹೋಮ್‌ರನ್ ತಪ್ಪುತ್ತದೆ. ಇದು ನಿಯಮದ ಒಳಗೇ ಇದೆ. ಐದು ಸಲ ಮತ್ಸುಯಿ ಬಂದ, ಐದು ಸಲವೂ ಹೀಗೆಯೇ ಕಳಿಸಿದರು. ಬೇಸ್‌ಗಳಲ್ಲಿ ಯಾರೂ ಇಲ್ಲದಾಗಲೂ ಬಿಡಲಿಲ್ಲ. ಹುಡುಗ ಒಂದು ಸಲವೂ ಬ್ಯಾಟ್ ಬೀಸಲಾಗಲಿಲ್ಲ. ಮೆಯ್ತೊಕು 3-2ರಿಂದ ಗೆದ್ದಿತು.

ಮೈದಾನ ರೊಚ್ಚಿಗೆದ್ದಿತು. ಪ್ರೇಕ್ಷಕರು ಕೈಯಲ್ಲಿದ್ದ ಮೆಗಾಫೋನ್‌ಗಳನ್ನು ಒಳಗೆ ಎಸೆದರು, ಆಟ ನಿಂತಿತು. ಗೆದ್ದ ಶಾಲೆಯ ಗೀತೆ ನುಡಿಸುವ ಸಂಪ್ರದಾಯ ಅಲ್ಲಿದೆ. ಮೆಯ್ತೊಕು ಗೀತೆ ಕೇಳಿಬಂದಾಗ 'ಮನೆಗೆ ಹೋಗಿ' ಎಂಬ ಕೂಗು ಅದನ್ನು ಮುಚ್ಚಿಹಾಕಿತು. ಹೈಸ್ಕೂಲ್ ಬೇಸ್‌ಬಾಲ್ ಒಕ್ಕೂಟದ ಅಧ್ಯಕ್ಷರೇ ಬೇಸರ ತೋಡಿಕೊಂಡರು. ಬೆದರಿಕೆ ಬಂದು, ಮೆಯ್ತೊಕು ಹುಡುಗರು ತಂಗಿದ್ದ ಕಡೆಯಿಂದ ಹೊರಗೆ ಕಾಲಿಡುವುದೂ ಕಷ್ಟವಾಯಿತು. ಮುಂದಿನ ಪಂದ್ಯದಲ್ಲಿ 8-0ರಿಂದ ಸೋತು ಹೋದರು.

ಇಲ್ಲಿ ತಪ್ಪು ಯಾರದು? ನಿಯಮ ಮೀರಿಲ್ಲ ಎಂಬುದು ನಿಜ. ಹುಡುಗನ ಪಾಲಿನ ಆಟವನ್ನೇ ಕಸಿದರು ಎಂಬುದೂ ನಿಜ. ನಾವು ಇನ್ನೊಂದು ಮಾತು ಸೇರಿಸುತ್ತೇವೆ. ಕೋಚ್ ಹೇಳಿದಂತೆ ಚೆಂಡು ಎಸೆದ ಹುಡುಗನೂ ಹೈಸ್ಕೂಲಿನವನೇ. ಅವನ ಮೇಲೆ ಸಾವಿರಾರು ದೊಡ್ಡವರು ಕೂಗಾಡಿದ್ದು ಯಾವ ಕ್ರೀಡಾ ಮನೋಭಾವ? ಆ ದಿನ ಹೆಚ್ಚು ಘನತೆಯಿಂದ ನಡೆದುಕೊಂಡವನು ಮತ್ಸುಯಿ. ಐದು ಸಲವೂ ಬ್ಯಾಟನ್ನು ಮೆಲ್ಲಗೆ ಕೆಳಗಿಟ್ಟು, ತುಟಿ ಪಿಟಕ್ಕೆನ್ನದೆ ಬೇಸ್‌ಗೆ ನಡೆದ. ಮುಂದೆ ಅವನು ಅಮೆರಿಕದ ನ್ಯೂಯಾರ್ಕ್ ಯಾಂಕೀಸ್ ಸೇರಿ, 2009ರ ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರನಾದ. ಮಾಬುಚಿ ಅವರ ಮೆಯ್ತೊಕು ತಂಡ 2002ರಲ್ಲಿ ಕೋಶಿಯೆನ್ ಕಪ್ ಗೆದ್ದಿತು.

ಕೃಷಿ ಶಾಲೆಯ ಹುಡುಗರು

2018, ನೂರನೇ ಟೂರ್ನಿ. ಅಕಿತಾ ಪ್ರಾಂತ್ಯದಿಂದ ಕನಾಶಿ ನೋಗ್ಯೊ ಎಂಬ ಕೃಷಿ ಹೈಸ್ಕೂಲ್ ಬಂದಿತ್ತು. ದೊಡ್ಡ ಖಾಸಗಿ ಶಾಲೆಗಳು ದೇಶದ ಮೂಲೆ ಮೂಲೆಯಿಂದ ಪ್ರತಿಭೆ ಹುಡುಕಿ ತರುವ ಈ ಕಾಲದಲ್ಲಿ ಇವರೆಲ್ಲ ಸ್ಥಳೀಯ ಹುಡುಗರು. ಒಂದೊಂದೇ ದೊಡ್ಡ ತಂಡವನ್ನು ಕೆಡವುತ್ತಾ ಫೈನಲ್ ತಲುಪಿದರು. 1915ರ ಆ ಮೊದಲ ಫೈನಲ್ ಆದ ಮೇಲೆ ಅಕಿತಾದ ತಂಡವೊಂದು ಅಲ್ಲಿಗೆ ಬಂದದ್ದು 103 ವರ್ಷಕ್ಕೆ! ಫೈನಲ್‌ನಲ್ಲಿ ಒಸಾಕಾ ತೊಯಿನ್ ಶಾಲೆ ಇವರನ್ನು 13-2ರಿಂದ ಸೋಲಿಸಿತು. ದೇಶ ಮಾತ್ರ ಸೋತವರನ್ನೇ ಹೆಚ್ಚು ಕೊಂಡಾಡಿತು.

ಆದರೆ ಹೊಗಳಿಕೆಯ ಹಿಂದೆ ಒಂದು ಲೆಕ್ಕವಿದೆ. ಕನಾಶಿ ಪಿಚರ್ ಯೊಶಿದಾ ಕೊಸೆಯ್ ಆ ಒಂದೇ ಟೂರ್ನಿಯಲ್ಲಿ 881 ಎಸೆತ ಎಸೆದಿದ್ದ. ಹುಡುಗರ ತೋಳು ಸವೆಸಿ ದೊಡ್ಡವರು ಚಪ್ಪಾಳೆ ತಟ್ಟುವುದು ಸರಿಯೇ ಎಂಬ ಪ್ರಶ್ನೆ ಜೋರಾಯಿತು. ಅದೇ 2018ರಿಂದ ಪಂದ್ಯ ಬೇಗ ಮುಗಿಸುವ ಟೈಬ್ರೇಕ್ ಬಂದಿತ್ತು. 2020ರಿಂದ ಒಬ್ಬ ಪಿಚರ್ ವಾರಕ್ಕೆ 500 ಎಸೆತಕ್ಕಿಂತ ಹೆಚ್ಚು ಎಸೆಯುವಂತಿಲ್ಲ ಎಂಬ ಮಿತಿ ಬಂತು. 1979ರ ಹಾಗೆ ಹದಿನೆಂಟು ಇನಿಂಗ್ಸ್ ಎಳೆದಾಡುವ ಆಟ ಇನ್ನು ನೋಡಲು ಸಿಗುವುದು ಕಷ್ಟ. ನಮಗೆ ಅದರಲ್ಲಿ ನಷ್ಟವೇನೂ ಕಾಣುವುದಿಲ್ಲ. ಎದುರಾಳಿಗೆ ಮರ್ಯಾದೆ ಕೊಡಲು ಕಲಿಸುವ ಆಟ ತನ್ನ ಮಕ್ಕಳ ಮೈಗೂ ಮರ್ಯಾದೆ ಕೊಡಬೇಕಲ್ಲವೇ?

ಕೋಶಿಯೆನ್‌ನಲ್ಲಿ ಇನ್ನೊಂದು ಪದ್ಧತಿಯಿದೆ. ಶಾಲೆಯ ಗೆಳೆಯರು, ಮನೆಯವರು ಕಾಗದ ಮಡಚಿ ಸಾವಿರ ಕೊಕ್ಕರೆ ಮಾಡಿ, ದಾರಕ್ಕೆ ಪೋಣಿಸಿ ತಂಡಕ್ಕೆ ಕೊಟ್ಟಿರುತ್ತಾರೆ. ಗೆಲ್ಲಲಿ ಎಂಬ ಹರಕೆ ಅದು. ಪಂದ್ಯ ಸೋತ ತಂಡ ಎಷ್ಟೋ ಸಲ ತನ್ನ ಕೊಕ್ಕರೆಮಾಲೆಯನ್ನು ಗೆದ್ದ ತಂಡದ ಕೈಗೆ ಕೊಟ್ಟು, ನಮ್ಮ ಪಾಲಿನದನ್ನೂ ನೀವೇ ಆಡಿ ಎಂದು ಹೇಳಿ ಹೊರಡುತ್ತದೆ. ಗೆದ್ದವರು ಮುಂದಿನ ಪಂದ್ಯಕ್ಕೆ ಆ ಮಾಲೆಯ ಹೊಣೆಯನ್ನೂ ಹೊತ್ತು ಇಳಿಯುತ್ತಾರೆ.