ಅಂಗನವಾಡಿ ಎಂಬ ಹೆಸರಿನ ಹಿಂದೆ



ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. "ಮೇಷ್ಟ್ರೇ, ಮಗಳನ್ನ ಅಂಗನವಾಡಿಗೆ ಕಳಿಸ್ತಿದ್ದೀನಿ. ಅಲ್ಲಿ ಬರೀ ಆಟ, ಒಂದಕ್ಷರ ಬರೆಸೋದಿಲ್ಲ. ಬೇರೆ ಕಡೆ ಸೇರಿಸ್ಲಾ?" ಎಂದು ಕೇಳಿದ. "ಆಡಲಿ ಬಿಡಪ್ಪ" ಎಂದೆ. ಅವನಿಗೆ ಸಮಾಧಾನವಾದಂತೆ ತೋರಲಿಲ್ಲ. ಅಂದು ಪೂರ್ಣವಾಗಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಕಥೆ ಗುಜರಾತಿನ ಭಾವನಗರದಿಂದ ಆರಂಭವಾಗುತ್ತದೆ. ಗಿಜುಭಾಯಿ ಬಧೇಕಾ ವೃತ್ತಿಯಿಂದ ವಕೀಲರು. ತಮ್ಮ ಮಗನನ್ನು ಹೇಗೆ ಬೆಳೆಸಬೇಕೆಂಬ ಚಿಂತೆಯಲ್ಲಿ ಇಟಲಿಯ ಮಾರಿಯಾ ಮಾಂಟೆಸ್ಸರಿಯವರ ಬರಹಗಳನ್ನು ಓದಿದರು. ವಕೀಲಿಯನ್ನು ತೊರೆದು 1916ರಲ್ಲಿ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. 1920ರಲ್ಲಿ ಅಲ್ಲಿ ಬಾಲಮಂದಿರವನ್ನು ತೆರೆದರು. ಬೆತ್ತವಿಲ್ಲದೆ ವಿದ್ಯೆಯಿಲ್ಲವೆಂದು ನಂಬಿದ್ದ ಆ ಕಾಲದಲ್ಲಿ ಅವರು ಕಥೆ, ಹಾಡು, ನಾಟಕ, ಆಟಗಳಿಂದ ಕಲಿಸಿದರು. ಜನ ಅವರನ್ನು 'ಮೀಸೆಯ ತಾಯಿ' ಎಂದು ಕರೆದರು. 1939ರ ಜೂನ್‌ನಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ಕೊನೆಯಲ್ಲಿ ಮಾಂಟೆಸ್ಸರಿಯವರು ಭಾರತಕ್ಕೆ ಬಂದಿಳಿದರು.

ಭಾವನಗರದಲ್ಲಿ ಅವರೊಂದಿಗೆ ದುಡಿದವರು ತಾರಾಬಾಯಿ ಮೋಡಕ್. ಶ್ರೀಮಂತರ ಮಕ್ಕಳಿಗೆ ದೊರೆತದ್ದು ಹಳ್ಳಿಯ ಬಡಮಕ್ಕಳಿಗೂ ದೊರೆಯಬೇಕೆಂದು ಅವರು 1945ರಲ್ಲಿ ಮಹಾರಾಷ್ಟ್ರದ ಕಡಲತೀರದ ಬೋರ್ಡಿ ಗ್ರಾಮಕ್ಕೆ ಹೋದರು. ಅನುತಾಯಿ ವಾಘ್ ಅವರಿಗೆ ಜೊತೆಯಾದರು. ಮಾಂಟೆಸ್ಸರಿ ಸಲಕರಣೆಗಳು ದುಬಾರಿ. ಆದ್ದರಿಂದ ಬೀಜ, ಚಿಪ್ಪು, ಎಲೆ, ಕಲ್ಲುಗಳೇ ಪಾಠೋಪಕರಣಗಳಾದವು. ಆದರೂ ಕಡುಬಡವರ ಮಕ್ಕಳು ಬಾಲವಾಡಿಯತ್ತ ಸುಳಿಯಲಿಲ್ಲ. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಮಕ್ಕಳ ಬಳಿಗೆ ಹೋಗಲೆಂದು ಶಿಕ್ಷಕಿಯರು ಕೇರಿಗೆ ನಡೆದು, ಮನೆಯಂಗಳದಲ್ಲೇ ಮಕ್ಕಳನ್ನು ಕೂಡಿಸಿದರು. ಅಂಗಣದಲ್ಲಿ ನಡೆದ ಬಾಲವಾಡಿಯೇ ಅಂಗನವಾಡಿ. ನಮ್ಮ ಊರೂರಿನಲ್ಲಿ ಬಳಕೆಯಲ್ಲಿರುವ ಈ ಪದ ಹುಟ್ಟಿದ್ದು ಹೀಗೆ.

1957ರಲ್ಲಿ ಅವರು ಸಮೀಪದ ಕೋಸಬಾಡ್ ಬೆಟ್ಟಕ್ಕೆ, ವಾರ್ಲಿ ಬುಡಕಟ್ಟಿನವರ ನಡುವೆ, ಕಾರ್ಯಕ್ಷೇತ್ರವನ್ನು ಬದಲಿಸಿದರು. ಅಲ್ಲಿನ ಮಕ್ಕಳು ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಿತ್ತು, ದನ ಕಾಯಬೇಕಿತ್ತು. ಅದಕ್ಕಾಗಿ ಶಿಶುವಿಹಾರ, ಬಾಲವಾಡಿ, ಶಾಲೆ ಮೂರನ್ನೂ ಒಂದೇ ಆವರಣದಲ್ಲಿ ನಡೆಸಿದರು. ಕೂಸು ಒಂದು ಕೋಣೆಯಲ್ಲಿದ್ದರೆ ಅಕ್ಕ ಪಕ್ಕದ ಕೋಣೆಯಲ್ಲಿ ಕಲಿಯಬಹುದಲ್ಲವೇ? ದನ ಕಾಯುವವರಿಗಾಗಿ ಹುಲ್ಲುಗಾವಲಿನಲ್ಲೇ ಪಾಠ ನಡೆಯಿತು.

ಇದನ್ನು ಮೊದಲ ಬಾರಿಗೆ ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ನಾನು ಒಂದನೆಯ ತರಗತಿಯ ಮೇಷ್ಟ್ರಾಗಿದ್ದ ಹೊಸತರಲ್ಲಿ ಹುಡುಗಿಯೊಬ್ಬಳು ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ಬರುತ್ತಿದ್ದಳು. ಅವನು ಅತ್ತರೆ ಹೊರಗೆ ಹೊಂಗೆ ಮರದಡಿ ಕೂತು ಐದು ಕಲ್ಲಿನ ಆಟವಾಡಿ ರಮಿಸುತ್ತಿದ್ದಳು. ಒಂದು ದಿನ ಸಿಟ್ಟಿನಿಂದ ಆ ಕಲ್ಲುಗಳನ್ನು ಕಿತ್ತುಕೊಂಡು ಎಸೆದು, "ಇವನನ್ನು ಮನೆಯಲ್ಲಿ ಬಿಟ್ಟು ಬಾ, ಇಲ್ಲದಿದ್ದರೆ ಬರಬೇಡ" ಎಂದುಬಿಟ್ಟೆ. ಅವಳು ಮರುದಿನದಿಂದ ಬರಲಿಲ್ಲ. ಕೆಲವು ತಿಂಗಳು ಗೈರುಹಾಜರಿ ಗುರುತು ಹಾಕಿ, ಕೊನೆಗೆ ಹಾಜರಿ ಪುಸ್ತಕದಿಂದ ಹೆಸರನ್ನೇ ತೆಗೆದೆ.

ಆ ಆಟದಲ್ಲಿ ಒಂದು ಕಲ್ಲನ್ನು ಮೇಲೆಸೆದು ಉಳಿದ ನಾಲ್ಕನ್ನು ಮೊದಲು ಒಂದೊಂದಾಗಿ, ಆಮೇಲೆ ಎರಡೆರಡಾಗಿ, ಅನಂತರ ಮೂರು ಮತ್ತು ಒಂದಾಗಿ ಬಾಚಿಕೊಳ್ಳಬೇಕು. ಒಳಗೆ ನಾನು ಕರಿಹಲಗೆಯ ಮೇಲೆ ಕಲಿಸಲು ಹೆಣಗುತ್ತಿದ್ದುದೂ ಅದೇ ಲೆಕ್ಕ! ಅವಳಿಗೆ ಅದಾಗಲೇ ಬರುತ್ತಿತ್ತು.

ಕೇಂದ್ರ ಸರ್ಕಾರವು 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿದಾಗ ಅದರ ಕೇಂದ್ರಗಳಿಗೆ ಅಂಗನವಾಡಿ ಎಂಬ ಹೆಸರೇ ಬಂತು. ಅದನ್ನು ನೋಡಲು ತಾರಾಬಾಯಿ ಇರಲಿಲ್ಲ. 1973ರಲ್ಲೇ ಅವರು ಕಾಲವಾಗಿದ್ದರು. ನಮ್ಮ ರಾಜ್ಯದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಋಷಿವ್ಯಾಲಿಯ ಪ್ರಯೋಗವನ್ನು ಕಂಡುಬಂದು 'ನಲಿ-ಕಲಿ'ಯನ್ನು ಆರಂಭಿಸಿದರು. ಮಕ್ಕಳು ಗುಂಪಾಗಿ ನೆಲದ ಮೇಲೆ ಕುಳಿತು ಕಾರ್ಡುಗಳಿಂದ ತಮ್ಮ ವೇಗದಲ್ಲಿ ಕಲಿಯುವ ಕ್ರಮವದು. ಅದರ ತರಬೇತಿಗೆ ಹೋದಾಗ ನನ್ನ ತಲೆಗೂದಲು ನರೆತಿತ್ತು. ಅಲ್ಲಿ ನನ್ನ ಕೈಗೆ ಮೊದಲು ಕೊಟ್ಟದ್ದು ಒಂದು ಹಿಡಿ ಹುಣಸೆಬೀಜ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಎಂಟು ವರ್ಷದವರೆಗಿನ ಮಕ್ಕಳ ಕಲಿಕೆಗೆ ಆಟವನ್ನೇ ಆಧಾರವಾಗಿಸಿದೆ.

ಆದ್ದರಿಂದ, ಅಪ್ಪಾ, ಮಗಳು ಎಷ್ಟು ಅಕ್ಷರ ಬರೆದಳೆಂದು ಕೇಳಬೇಡ. ಇಂದು ಏನು ಆಡಿದೆ, ಯಾವ ಕಥೆ ಕೇಳಿದೆ ಎಂದು ಕೇಳು. ಅವಳು ಬಾಯಿತುಂಬ ಹೇಳಿದರೆ ಅಲ್ಲೇ ಬಿಡು.

ಆ ಹುಡುಗಿಯ ಹೆಸರು ನನಗೆ ನೆನಪಿದೆ, ಇಲ್ಲಿ ಬರೆಯುವುದಿಲ್ಲ. ಆ ಊರಿನವರು ಯಾರಾದರೂ ಇದನ್ನು ಓದಿದರೆ, ಮೇಷ್ಟ್ರು ತಪ್ಪೊಪ್ಪಿಕೊಂಡಿದ್ದಾರೆಂದು ಆಕೆಗೆ ದಯವಿಟ್ಟು ತಿಳಿಸಿ.