ಬಡಿಸುವವರು

ಮದುವೆಮನೆಯ ಪಂಕ್ತಿಯಲ್ಲಿ ಹೋಳಿಗೆಯನ್ನು ಹೊಗಳದವರಿಲ್ಲ. ಬಡಿಸಿದವರ ಮುಖ ಮಾತ್ರ ಯಾರಿಗೂ ನೆನಪಿರುವುದಿಲ್ಲ. ಕಂಪ್ಯೂಟರ್ ಲೋಕದಲ್ಲೂ ಇಂಥ ಬಡಿಸುವವರಿದ್ದಾರೆ. ಹೆಸರೇ ಸರ್ವರ್. ನೀವು ಮೊಬೈಲಿನಲ್ಲಿ ಒಂದು ಪುಟ ಕೇಳಿದರೆ, ಎಲ್ಲೋ ಎಚ್ಚರವಾಗಿ ಕೂತಿರುವ ವೆಬ್ ಸರ್ವರ್ ಎಂಬ ಪ್ರೋಗ್ರಾಂ ಅದನ್ನು ತಂದು ಬಡಿಸುತ್ತದೆ.

ಮೊದಲ ವೆಬ್ ಸರ್ವರ್ ಯಾವ ಅರಮನೆಯಲ್ಲೂ ಇರಲಿಲ್ಲ. 1990ರ ಕೊನೆಯಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ, ಟಿಮ್ ಬರ್ನರ್ಸ್-ಲೀ ಅವರ ನೆಕ್ಸ್ಟ್ ಕಂಪ್ಯೂಟರಿನಲ್ಲಿ ಅದು ನಡೆಯುತ್ತಿತ್ತು. ಯಾರಾದರೂ ಗುಂಡಿ ಒತ್ತಿ ಆರಿಸಿಬಿಟ್ಟರೆ? ಇದು ಸರ್ವರ್, ಆರಿಸಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದು ಅದರ ಮೇಲೆ ಚೀಟಿ ಅಂಟಿಸಿದ್ದರು. ತೆರೆಮರೆಯಲ್ಲಿ ದುಡಿಯುವವರಿಗೆ ಅಂಥದೊಂದು ಚೀಟಿ ಬೇಕೇ ಬೇಕಲ್ಲವೆ!

ಹೀಗೆ ಕಾಣದಂತೆ ಕೆಲಸ ಮಾಡುವ ಪ್ರೋಗ್ರಾಂಗಳಿಗೆ 1963ರಲ್ಲಿ ಅಮೆರಿಕದ ಎಂಐಟಿಯವರು ಡೀಮನ್ ಎಂದು ಹೆಸರಿಟ್ಟರು. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ, ಅಣುಗಳನ್ನು ಬಿಡುವಿಲ್ಲದೆ ಬೇರ್ಪಡಿಸುವ ಪುಟ್ಟ ಭೂತದ ಹೆಸರದು. ಹೆದರಬೇಡಿ, ಅಜ್ಜಿ ಕತೆಯ ಒಳ್ಳೆಯ ಭೂತದಂಥದು.

1995ರಲ್ಲಿ ಬಂದ ಅಪಾಚೆ ಸರ್ವರ್ ಆಗ ಒಂದೊಂದು ಎಲೆಯ ಮುಂದೆಯೂ ಒಬ್ಬೊಬ್ಬರನ್ನು ನಿಲ್ಲಿಸುತ್ತಿತ್ತು. ಹತ್ತು ಸಾವಿರ ಜನ ಒಟ್ಟಿಗೆ ಕೂತರೆ ಏನು ಗತಿ? ರಷ್ಯಾದ ಇಗೋರ್ ಸಿಸೋಯೆವ್ 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್‌ನಲ್ಲಿ ಕೆಲವೇ ಮಂದಿ ಸಾಲಿನುದ್ದಕ್ಕೂ ಓಡಾಡುತ್ತ, ಯಾರು ಕೇಳಿದರೋ ಅವರಿಗೆ ಬಡಿಸುತ್ತ ಹೋಗುತ್ತಾರೆ. ಅನುಭವಸ್ಥ ಹೆಂಗಸರು ಎಂದಿನಿಂದಲೂ ಬಡಿಸುವುದು ಹಾಗೆಯೇ ತಾನೆ?

ಇಂಥ ಹಗುರ ಸರ್ವರಿಗೆ ಹಳೆಯ ಕಂಪ್ಯೂಟರೂ ಸಾಕು. ನಮ್ಮ ಶಾಲೆಯ ಒಂದರಲ್ಲಿ ಮಕ್ಕಳ ಬರಹಗಳನ್ನಿಟ್ಟಿದ್ದೇವೆ. ಇಂಟರ್‌ನೆಟ್ ಇಲ್ಲದ ದಿನವೂ ಲ್ಯಾಬಿನ ಉಳಿದ ಕಂಪ್ಯೂಟರುಗಳಲ್ಲಿ ಅವನ್ನು ಓದಬಹುದು. ಮೊದಲು ಅದನ್ನು ಸಾಮಾನ್ಯ ಪ್ರೋಗ್ರಾಮಿನಂತೆ ತೆರೆದಿಡುತ್ತಿದ್ದೆವು. ಯಾವ ತುಂಟನೋ ಆ ಕಿಟಕಿ ಮುಚ್ಚಿದರೆ ಊಟವೂ ಬಂದ್. ಈಗ ಕಂಪ್ಯೂಟರ್ ಮೇಡಂ ಅದನ್ನು ಹಿನ್ನೆಲೆಯ ಸರ್ವಿಸ್ ಆಗಿ ಇಟ್ಟಿದ್ದಾರೆ. ಕರೆಂಟು ಬಂದು ಯಂತ್ರ ಹೊತ್ತಿಸಿದರೆ ಸಾಕು, ಯಾರೂ ಲಾಗಿನ್ ಆಗದೆಯೇ ತಾನಾಗಿ ಏಳುತ್ತದೆ. ಅದಕ್ಕೆ ಬೇಕಾದಷ್ಟೇ ಅಧಿಕಾರ ಕೊಟ್ಟಿದ್ದಾರೆ. ಬಡಿಸುವವರಿಗೆ ಅಡುಗೆಮನೆಯ ಕೀಲಿ ಸಾಕು, ತಿಜೋರಿಯದು ಬೇಡ.

ಬರ್ನರ್ಸ್-ಲೀ ಅವರ ಮೊದಲ ಬ್ರೌಸರಿನಲ್ಲಿ ಓದುವುದರ ಜೊತೆಗೆ ಬರೆಯಲೂ ಬರುತ್ತಿತ್ತು. ವೆಬ್ಬೆಂದರೆ ಉಣ್ಣುವವರೇ ಬಡಿಸಬಹುದಾದ ಪಂಕ್ತಿ ಎಂಬುದು ಆಸೆ. ನಾವೀಗ ದೊಡ್ಡ ಕಂಪನಿಗಳ ಎಲೆಯ ಮುಂದೆ ಕೂತು ಉಣ್ಣುವುದನ್ನಷ್ಟೇ ರೂಢಿಸಿಕೊಂಡಿದ್ದೇವೆ. ಎಂದೂ ತರಗತಿಯಲ್ಲಿ ಕೈಯೆತ್ತದ ಹುಡುಗಿಯೊಬ್ಬಳು ಮೊನ್ನೆ ತನ್ನಜ್ಜಿಯ ಬಗ್ಗೆ ಬರೆದ ಪುಟವನ್ನು ಗೆಳತಿಯ ಕಂಪ್ಯೂಟರಿನಲ್ಲಿ ಕಂಡು, "ಟೀಚರ್, ನನ್ನದು ಅಲ್ಲೂ ಬಂತು!" ಎಂದು ಕೂಗಿದಳು. ಮಕ್ಕಳಿಗೆ ಬಡಿಸುವುದನ್ನೂ ಕಲಿಸಬೇಕು.