ಗ್ರಾಫಿಕ್ಸ್ ಕಾರ್ಡ್‌ಗಳ ಆಯ್ಕೆ: ಹೆಚ್ಚಿನ ರೆಸಲ್ಯೂಷನ್‌ನ ಪಿಸಿ ಆಟಗಳ ಇತಿಹಾಸದಲ್ಲಿ

ಪಿಸಿಯಲ್ಲಿ ಆಡುವ ಆಟದ ಪ್ರತಿಯೊಂದು ಚಿತ್ರವನ್ನೂ ಲೆಕ್ಕ ಹಾಕಿ ರಚಿಸಿ ಮಾನಿಟರಿಗೆ ಕಳಿಸುವ ಸಾಧನ ಗ್ರಾಫಿಕ್ಸ್ ಕಾರ್ಡ್. ಅದರ ಮುಖ್ಯ ಅಂಗಗಳು ಎರಡು: ಲೆಕ್ಕ ಮಾಡುವ ಚಿಪ್, ಆ ಲೆಕ್ಕಕ್ಕೆ ಬೇಕಾದ ಸಾಮಗ್ರಿಯನ್ನು ಹಿಡಿದಿಡುವ ಮೆಮೊರಿ. ಈ ಕಾರ್ಡ್‌ಗಳ ಪೈಪೋಟಿ ಮೊದಲು ತ್ರೀಡಿಎಫ್ಎಕ್ಸ್ ಮತ್ತು ಎನ್‌ವಿಡಿಯಾ ನಡುವೆ ನಡೆಯಿತು, ಆಮೇಲೆ ಎನ್‌ವಿಡಿಯಾ ಮತ್ತು ಕೆನಡಾದ ಎಟಿಐ ನಡುವೆ. 2006ರಲ್ಲಿ ಎಎಂಡಿ ಕಂಪನಿ ಎಟಿಐಯನ್ನು ಕೊಂಡ ಮೇಲೆ ಅದು ಎನ್‌ವಿಡಿಯಾ ಮತ್ತು ಎಎಂಡಿಯ ಪೈಪೋಟಿಯಾಗಿ ಮುಂದುವರಿದಿದೆ. ಯಾವ ಕಂಪನಿಯ ಚಿಪ್ ಹೆಚ್ಚು ಚುರುಕು ಎಂಬ ಪ್ರಶ್ನೆಯ ಸುತ್ತಲೇ ಈ ಚರಿತ್ರೆಯನ್ನು ಹೇಳುವುದು ವಾಡಿಕೆ. ಆದರೆ ಹೆಚ್ಚಿನ ರೆಸಲ್ಯೂಷನ್‌ನ ಮಟ್ಟಿಗೆ, ಗೆದ್ದ ಮತ್ತು ಸೋತ ಕಾರ್ಡ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮೆಮೊರಿಯ ಪ್ರಶ್ನೆ ಮತ್ತೆ ಮತ್ತೆ ಮುಂದೆ ಬರುತ್ತದೆ: ಅದರಲ್ಲಿ ಎಷ್ಟು ಹಿಡಿಯುತ್ತದೆ, ಅಲ್ಲಿಂದ ಚಿಪ್ಪಿಗೆ ಎಷ್ಟು ವೇಗವಾಗಿ ಸಾಗುತ್ತದೆ? ಅಡುಗೆಯವರು ಎಷ್ಟೇ ಚುರುಕಾಗಿದ್ದರೂ ಉಗ್ರಾಣದಿಂದ ಸಾಮಾನು ಬರದಿದ್ದರೆ ಪಂಕ್ತಿ ಕಾಯಲೇಬೇಕು.

ಪಿಕ್ಸೆಲ್‌ಗಳ ಲೆಕ್ಕ ನೋಡಿದರೆ ಇದರ ಕಾರಣ ತಿಳಿಯುತ್ತದೆ. 1996ರ ಹೊತ್ತಿನ 640×480 ಪರದೆಯಲ್ಲಿ 3,07,200 ಪಿಕ್ಸೆಲ್‌ಗಳಿದ್ದವು. 1920×1080ರಲ್ಲಿ 20,73,600, 4ಕೆ ಎನ್ನುವ 3840×2160ರಲ್ಲಿ 82,94,400, ಅಂದರೆ ಮೊದಲಿನದರ 27 ಪಟ್ಟು. ಸೆಕೆಂಡಿಗೆ 60 ಚಿತ್ರಗಳಂತೆ ಆಡಿದರೆ 4ಕೆಯಲ್ಲಿ ಸುಮಾರು 50 ಕೋಟಿ ಪಿಕ್ಸೆಲ್‌ಗಳನ್ನು ತುಂಬಬೇಕು. ಒಂದು ಪಿಕ್ಸೆಲ್ಲನ್ನು ಒಮ್ಮೆ ಬರೆದರೆ ಕೆಲಸ ಮುಗಿಯುವುದಿಲ್ಲ. ಬಣ್ಣ, ಆಳ, ನೆರಳು, ಬೆಳಕು ಎಂದು ಅದನ್ನು ಹಲವು ಸಲ ಓದಿ ಬರೆಯಬೇಕಾಗುತ್ತದೆ. ರೆಸಲ್ಯೂಷನ್ ಏರಿದಂತೆ ಪಿಸಿಯ ಮುಖ್ಯ ಪ್ರೊಸೆಸರಿನ ಹೊರೆ ಅಷ್ಟೇನೂ ಹೆಚ್ಚುವುದಿಲ್ಲ. ಹೆಚ್ಚಿದ ಹೊರೆಯೆಲ್ಲ ಕಾರ್ಡಿನ ಮೇಲೆ ಬೀಳುತ್ತದೆ. 1080 ಸಾಲುಗಳಲ್ಲಿ ಸರಿಸಮನಾಗಿ ಕಂಡ ಎರಡು ಕಾರ್ಡ್‌ಗಳು 4ಕೆಯಲ್ಲಿ ದೂರ ಸರಿಯುವುದು ಇದರಿಂದಲೇ.

ತ್ರೀಡಿಎಫ್ಎಕ್ಸ್ 1996ರಲ್ಲಿ ತಂದ ವೂಡೂ ಕಾರ್ಡಿನಲ್ಲೇ ಈ ಮಾತಿಗೆ ಮೊದಲ ಪುರಾವೆ ಇದೆ. ಅದರ 4 ಎಂಬಿ ಮೆಮೊರಿಯಲ್ಲಿ 2 ಎಂಬಿ ಚಿತ್ರಕ್ಕೆ, ಉಳಿದ 2 ಎಂಬಿ ವಸ್ತುಗಳ ಮೇಲ್ಮೈಗೆ ಹೊದಿಸುವ ಟೆಕ್ಸ್ಚರ್‌ಗಳಿಗೆ ಮೀಸಲು. ಪರದೆಯ ಮೇಲೆ ಕಾಣುತ್ತಿರುವ ಚಿತ್ರ, ಹಿಂದೆ ತಯಾರಾಗುತ್ತಿರುವ ಚಿತ್ರ, ಯಾವ ವಸ್ತು ಮುಂದೆ ಯಾವುದು ಹಿಂದೆ ಎಂದು ತಿಳಿಸುವ ಆಳದ ನಕ್ಷೆ, ಈ ಮೂರೂ ಆ 2 ಎಂಬಿಯಲ್ಲಿ ಹಿಡಿಯಬೇಕು. ಪಿಕ್ಸೆಲ್ಲಿಗೆ 2 ಬೈಟಿನಂತೆ 640×480ಕ್ಕೆ 18,43,200 ಬೈಟ್ ಬೇಕು, ಹಿಡಿಯುತ್ತದೆ. 800×600ಕ್ಕೆ 28,80,000 ಬೈಟ್ ಬೇಕು, ಹಿಡಿಯುವುದಿಲ್ಲ. ಚಿಪ್ ಎಷ್ಟೇ ಚುರುಕಾಗಿದ್ದರೂ ಎಲ್ಲೆ ಎಳೆದದ್ದು ಮೆಮೊರಿ. 1998ರ ವೂಡೂ2ರಲ್ಲಿ ಚಿತ್ರದ ಪಾಲು 4 ಎಂಬಿಗೆ ಏರಿತು, 800×600 ಸಾಧ್ಯವಾಯಿತು. 1024×768ಕ್ಕೆ ಬೇಕಾದ 47,18,592 ಬೈಟ್ ಮಾತ್ರ ಅದರಲ್ಲೂ ಹಿಡಿಯಲಿಲ್ಲ. ಅದಕ್ಕೆ ಕಂಪನಿ ಕೊಟ್ಟ ಉಪಾಯ, ಎರಡು ಕಾರ್ಡ್‌ಗಳನ್ನು ಪಿಸಿಯೊಳಗೆ ಒಂದು ಪಟ್ಟಿ ಕೇಬಲ್ಲಿನಿಂದ ಜೋಡಿಸಿ ಪರದೆಯ ಸಾಲುಗಳನ್ನು ಒಂದು ಬಿಟ್ಟು ಒಂದರಂತೆ ಹಂಚುವುದು. ಪ್ರತಿ ಕಾರ್ಡಿಗೂ ಅರ್ಧ ಚಿತ್ರ ಮಾತ್ರ ಬಂದದ್ದರಿಂದ ಜಾಗ ಸಾಕಾಯಿತು.

ಜಾಗದ ಇಕ್ಕಟ್ಟು ಸಡಿಲವಾದ ಮೇಲೆ ಸಾಗಣೆಯ ವೇಗ ಮುಂದೆ ಬಂತು. 1999ರ ಕೊನೆಗೆ ಬಂದ ಎನ್‌ವಿಡಿಯಾದ ಜಿಫೋರ್ಸ್ 256 ಇದನ್ನು ಪ್ರಯೋಗಶಾಲೆಯಲ್ಲಿ ಮಾಡಿದಷ್ಟು ಸ್ಪಷ್ಟವಾಗಿ ತೋರಿಸಿತು. ಚಿಪ್ ಒಂದೇ, ಮೆಮೊರಿ ಎರಡು ಬಗೆ: ಸಾಮಾನ್ಯ ಎಸ್‌ಡಿಆರ್ ಮೆಮೊರಿಯ ಕಾರ್ಡಿನಲ್ಲಿ ಸೆಕೆಂಡಿಗೆ ಸುಮಾರು 2.7 ಜಿಬಿ ಸಾಗಣೆ, ಡಿಡಿಆರ್ ಮೆಮೊರಿಯ ಕಾರ್ಡಿನಲ್ಲಿ 4.8 ಜಿಬಿ. ಕಡಿಮೆ ರೆಸಲ್ಯೂಷನ್‌ನಲ್ಲಿ ಹತ್ತಿರವಿದ್ದ ಇವೆರಡು, ರೆಸಲ್ಯೂಷನ್ ಮತ್ತು ಬಣ್ಣದ ಆಳ ಏರಿದಂತೆ ಬೇರೆ ಬೇರೆ ದರ್ಜೆಯ ಕಾರ್ಡ್‌ಗಳಂತೆ ವರ್ತಿಸಿದವು. 2002ರ ಆಗಸ್ಟಿನಲ್ಲಿ ಎಟಿಐ ತಂದ ರೇಡಿಯಾನ್ 9700 ಪ್ರೊ ಕಾರ್ಡಿನಲ್ಲಿ ಚಿಪ್ಪಿಗೂ ಮೆಮೊರಿಗೂ ನಡುವಿನ ದಾರಿ 256 ಬಿಟ್ ಅಗಲ, ಸಾಗಣೆ ಸೆಕೆಂಡಿಗೆ 19.8 ಜಿಬಿ. 2003ರಲ್ಲಿ ಎದುರಾದ ಜಿಫೋರ್ಸ್ ಎಫ್ಎಕ್ಸ್ 5800 ಅಲ್ಟ್ರಾ ಹೆಚ್ಚಿನ ಗಡಿಯಾರ ವೇಗವನ್ನೂ ಭಾರಿ ಸದ್ದಿನ ಫ್ಯಾನನ್ನೂ ಹೊತ್ತು ಬಂದರೂ ಅದರ ದಾರಿ 128 ಬಿಟ್ ಮಾತ್ರ, ಸಾಗಣೆ 16 ಜಿಬಿ. ಹೆಚ್ಚು ರೆಸಲ್ಯೂಷನ್‌ನಲ್ಲಿ ಅಂಚುಗಳನ್ನು ನುಣುಪು ಮಾಡುವ ಆಂಟಿ ಅಲಿಯಾಸಿಂಗ್ ಹಾಕಿದಾಗ ಅದು ಹಿಂದೆ ಬಿತ್ತು. ಮೆಮೊರಿಯೊಂದೇ ಇದಕ್ಕೆ ಕಾರಣವಲ್ಲ, ಆಟಗಳು ಬಳಸುವ ಡೈರೆಕ್ಟ್‌ಎಕ್ಸ್ 9 ತಂತ್ರಾಂಶದ ಶೇಡರ್ ಎಂಬ ಬಣ್ಣ-ಬೆಳಕಿನ ಲೆಕ್ಕಗಳಲ್ಲೂ ಆ ಚಿಪ್ ದುರ್ಬಲವಾಗಿತ್ತು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದೇ ವರ್ಷ ಎನ್‌ವಿಡಿಯಾ ತಂದ ಎಫ್ಎಕ್ಸ್ 5900 ಸರಣಿಯಲ್ಲಿ ಮೆಮೊರಿಯ ದಾರಿಯನ್ನು 256 ಬಿಟ್‌ಗೆ ಅಗಲಿಸಿತು. ಕೊರತೆ ಎಲ್ಲಿತ್ತು ಎಂಬುದಕ್ಕೆ ಕಂಪನಿಯ ಈ ತಿದ್ದುಪಡಿಗಿಂತ ಬಲವಾದ ಸಾಕ್ಷಿ ಬೇಕಿಲ್ಲ.

ವೇಗ ಹೆಚ್ಚಿದ್ದರೆ ಜಾಗ ಕಡಿಮೆಯಾದರೂ ನಡೆಯುತ್ತದೆಯೇ? 2015ರ ಜೂನ್ ತಿಂಗಳ ಸ್ಪರ್ಧೆ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಎಎಂಡಿಯ ರೇಡಿಯಾನ್ ಆರ್9 ಫ್ಯೂರಿ ಎಕ್ಸ್ ಕಾರ್ಡಿನಲ್ಲಿ ಎಚ್‌ಬಿಎಂ ಎಂಬ ಹೊಸ ಮೆಮೊರಿಯನ್ನು ಚಿಪ್ಪಿನ ಪಕ್ಕದಲ್ಲೇ ಒಂದರ ಮೇಲೊಂದು ಪೇರಿಸಿ ಕೂರಿಸಿದ್ದರು. ಸಾಗಣೆ ಸೆಕೆಂಡಿಗೆ 512 ಜಿಬಿ, ಜಾಗ 4 ಜಿಬಿ. ಎನ್‌ವಿಡಿಯಾದ ಜಿಟಿಎಕ್ಸ್ 980 ಟಿಐಯಲ್ಲಿ ಸಾಗಣೆ ಸುಮಾರು 336 ಜಿಬಿ, ಜಾಗ 6 ಜಿಬಿ. ಎರಡರ ಬೆಲೆಯೂ 649 ಡಾಲರ್. ಅಂದಿನ ಆಟಗಳಲ್ಲಿ 4ಕೆಯ ಹೊತ್ತಿಗೆ ಫ್ಯೂರಿ ಎಕ್ಸ್ ಎದುರಾಳಿಯ ಹತ್ತಿರ ಬರುತ್ತಿತ್ತು, ಕಡಿಮೆ ರೆಸಲ್ಯೂಷನ್‌ನಲ್ಲಿ ಹಿಂದುಳಿಯುತ್ತಿತ್ತು. ಸಾಗಣೆಯ ಮಹತ್ವ ಇಲ್ಲಿಯೂ ಕಂಡಿತು. ಆದರೆ ಟೆಕ್ಸ್ಚರ್‌ಗಳು ದೊಡ್ಡದಾಗುತ್ತ ಹೋದಂತೆ 4 ಜಿಬಿಯ ಮಿತಿ ಅಡ್ಡ ಬಂತು. ಇನ್ನೊಂದು ತೊಡಕು ಹಿಂಬದಿಯ ಪೋರ್ಟಿನಲ್ಲಿತ್ತು. ಅದರಲ್ಲಿ ಎಚ್‌ಡಿಎಂಐ 2.0 ಇರಲಿಲ್ಲ. 4ಕೆ ಟಿವಿಗೆ ನೇರವಾಗಿ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದವರಿಗೆ ಸೆಕೆಂಡಿಗೆ 60ರ ಬದಲು 30 ಚಿತ್ರಗಳಷ್ಟೇ ಪೂರ್ಣ ಬಣ್ಣದಲ್ಲಿ ದಕ್ಕುತ್ತಿದ್ದವು. ಉಗ್ರಾಣದಿಂದ ಎಲೆಯವರೆಗಿನ ದಾರಿಯಲ್ಲಿ ಎಲ್ಲಿ ಇಕ್ಕಟ್ಟಿದ್ದರೂ ಊಟ ತಡವಾಗುತ್ತದೆ.

2020ರ ಕೊನೆಯ ಸ್ಪರ್ಧೆಯಲ್ಲಿ ಎರಡು ಕಂಪನಿಗಳ ಪಾತ್ರ ಅದಲುಬದಲಾಯಿತು. ಎನ್‌ವಿಡಿಯಾದ ಆರ್‌ಟಿಎಕ್ಸ್ 3080ರಲ್ಲಿ 10 ಜಿಬಿ, ಸಾಗಣೆ ಸೆಕೆಂಡಿಗೆ 760 ಜಿಬಿ, ಬೆಲೆ 699 ಡಾಲರ್. ಎಎಂಡಿಯ ಆರ್‌ಎಕ್ಸ್ 6800 ಎಕ್ಸ್‌ಟಿಯಲ್ಲಿ 16 ಜಿಬಿ, ಸಾಗಣೆ 512 ಜಿಬಿ, ಬೆಲೆ 649 ಡಾಲರ್. ಸಾಗಣೆಯ ಕೊರತೆಯನ್ನು ತುಂಬಲು ಎಎಂಡಿ ಚಿಪ್ಪಿನೊಳಗೇ 128 ಎಂಬಿಯ ಇನ್ಫಿನಿಟಿ ಕ್ಯಾಶ್ ಇಟ್ಟಿತು. ಪದೇ ಪದೇ ಬೇಕಾಗುವ ಸಾಮಗ್ರಿ ಅಲ್ಲೇ ಕೈಗೆಟಕುತ್ತದೆ. ಆದರೆ ಚಿತ್ರ ದೊಡ್ಡದಾದಂತೆ ಬೇಕಾದದ್ದು ಆ ಪುಟ್ಟ ಜಾಗದಲ್ಲಿ ಸಿಗುವ ಪ್ರಮಾಣ ಇಳಿಯುತ್ತದೆ. 2560×1440ರಲ್ಲಿ ಸಮಸಮನಾಗಿದ್ದ ಎಎಂಡಿಯ ಕಾರ್ಡ್ 4ಕೆಯಲ್ಲಿ ಸ್ವಲ್ಪ ಹಿಂದೆ ಸರಿಯಲು ಇದೊಂದು ಕಾರಣ. ಜಾಗದ ಪ್ರಶ್ನೆ ಮೂರು ವರ್ಷಗಳಲ್ಲೇ ಮರಳಿ ಬಂತು. 2023ರಲ್ಲಿ ಬಂದ ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 1’ರಂಥ ಆಟಗಳು ಉನ್ನತ ಟೆಕ್ಸ್ಚರ್‌ಗಳಲ್ಲಿ 8 ಜಿಬಿ ಕಾರ್ಡ್‌ಗಳನ್ನು ತಡವರಿಸುವಂತೆ ಮಾಡಿದವು. ಆಟವನ್ನು ತಿದ್ದಿದ ಮೇಲೆ ಪರಿಸ್ಥಿತಿ ಸುಧಾರಿಸಿತು ನಿಜ. ಆದರೆ ಆಟ ಬಂದ ದಿನವೇ ಆಡಬೇಕೆಂದವರಿಗೆ ಆ ತಿದ್ದುಪಡಿ ಒದಗಲಿಲ್ಲ.

ಈ ವಾದಕ್ಕೆ ಎರಡು ಗಟ್ಟಿ ಆಕ್ಷೇಪಗಳಿವೆ. ಮೊದಲನೆಯದು, ಪರೀಕ್ಷೆಗಳ ಫಲಿತಾಂಶವೇ ಕಣ್ಣೆದುರು ಇರುವಾಗ ಮೆಮೊರಿಯ ಅಂಕಿಗಳನ್ನು ಏಕೆ ನೋಡಬೇಕು ಎಂಬುದು. ಪರೀಕ್ಷೆ ಬೇಕೇ ಬೇಕು, ಆದರೆ ಅದರ ಒಂದೇ ಸಂಖ್ಯೆಯನ್ನು ನಂಬಿ ಕೊಂಡವರು ಮೋಸ ಹೋದ ಉದಾಹರಣೆಗಳೂ ಇವೆ. 2001ರಲ್ಲಿ ರೇಡಿಯಾನ್ 8500ರ ಡ್ರೈವರ್ ‘ಕ್ವೇಕ್ 3’ ಆಟವನ್ನು ಅದರ ಹೆಸರಿನಿಂದಲೇ ಗುರುತಿಸಿ ಚಿತ್ರದ ಗುಣಮಟ್ಟ ಇಳಿಸಿ ವೇಗ ತೋರಿಸುತ್ತಿತ್ತು. ಆಟದ ಕಡತದೊಳಗಿನ ‘ಕ್ವೇಕ್’ ಎಂಬ ಹೆಸರನ್ನು ‘ಕ್ವಾಕ್’ ಎಂದು ಬದಲಿಸಿದಾಗ ಆ ವೇಗ ಕಾಣೆಯಾಯಿತು. 2003ರಲ್ಲಿ ‘ತ್ರೀಡಿಮಾರ್ಕ್ 03’ ಪರೀಕ್ಷೆಯ ವಿಷಯದಲ್ಲಿ ಎನ್‌ವಿಡಿಯಾದ ಮೇಲೂ ಇಂಥದೇ ಆರೋಪ ಬಂತು. ಸರಾಸರಿ ಸಂಖ್ಯೆ ಪ್ರಾಮಾಣಿಕವಾಗಿದ್ದರೂ ಅದು ತಡವರಿಕೆಯನ್ನು ಮುಚ್ಚಿಡುತ್ತದೆ. ಒಂದು ಸೆಕೆಂಡಿನಲ್ಲಿ 60 ಚಿತ್ರ ಬಂದರೂ ನಡುವೆ ಒಂದು ಚಿತ್ರ ಹತ್ತು ಪಟ್ಟು ತಡವಾದರೆ ಆಡುವವರ ಕಣ್ಣಿಗೆ ಅದೇ ಹೊಡೆಯುತ್ತದೆ. 2011ರಿಂದೀಚೆಗೆ ಪ್ರತಿ ಚಿತ್ರದ ಕಾಲವನ್ನೂ ಅಳೆಯುವ ಪದ್ಧತಿ ಬೆಳೆದದ್ದು ಈ ಕಾರಣಕ್ಕೆ. ಪರೀಕ್ಷೆ ಅಳೆಯುವುದು ಇಂದಿನ ಆಟವನ್ನು. ಕಾರ್ಡನ್ನು ಕೊಳ್ಳುವುದು ನಾಲ್ಕೈದು ವರ್ಷಕ್ಕೆ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: ಚಿತ್ರವನ್ನು ಚಿಕ್ಕದಾಗಿ ರಚಿಸಿ ಯಂತ್ರಕಲಿಕೆಯಿಂದ ಹಿಗ್ಗಿಸುವ ತಂತ್ರ ಬಂದ ಮೇಲೆ ರೆಸಲ್ಯೂಷನ್‌ಗೆ ಮೊದಲಿನ ಅರ್ಥವೇ ಉಳಿದಿಲ್ಲ. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ 2018ರಲ್ಲಿ ಬಂದಾಗ ಚಿತ್ರ ಮಸುಕು ಎಂಬ ದೂರಿತ್ತು. 2020ರ ಎರಡನೆಯ ಆವೃತ್ತಿ ಆ ದೂರನ್ನು ಬಹುಮಟ್ಟಿಗೆ ನೀಗಿಸಿತು. ಅದರ ‘ಪರ್ಫಾರ್ಮೆನ್ಸ್’ ಆಯ್ಕೆಯಲ್ಲಿ 4ಕೆ ಪರದೆಗೆ ರಚಿಸುವುದು 1920×1080 ಚಿತ್ರವನ್ನು, ಅಂದರೆ ಕಾಲು ಭಾಗ ಪಿಕ್ಸೆಲ್‌ಗಳನ್ನು ಮಾತ್ರ. ಎಎಂಡಿ 2021ರಲ್ಲಿ ಎಫ್‌ಎಸ್‌ಆರ್ ತಂದಿತು, 2025ರ ನಾಲ್ಕನೆಯ ಆವೃತ್ತಿಯಲ್ಲಿ ಯಂತ್ರಕಲಿಕೆಗೆ ಬಂತು. ಚಿಪ್ಪಿನ ಹೊರೆ ಇದರಿಂದ ಇಳಿಯಿತು ಎಂಬುದನ್ನು ಒಪ್ಪಲೇಬೇಕು. ಆದರೆ ಟೆಕ್ಸ್ಚರ್‌ಗಳು 4ಕೆಗೆ ತಕ್ಕ ವಿವರದಲ್ಲೇ ಉಳಿಯುತ್ತವೆ, ಹಿಗ್ಗಿಸಿದ ಚಿತ್ರಕ್ಕೂ ನಡುವೆ ಹೊಸ ಚಿತ್ರಗಳನ್ನು ಹೊಂದಿಸುವ ತಂತ್ರಕ್ಕೂ ಮೆಮೊರಿ ಬೇಕು. ಹೊಸ ತಂತ್ರ ಲೆಕ್ಕದ ಹೊರೆಯನ್ನು ಇಳಿಸಿದಷ್ಟು ಜಾಗದ ಹೊರೆಯನ್ನು ಇಳಿಸಿಲ್ಲ.

ಮೆಮೊರಿಯ ಮಾತು ಎಲ್ಲಿ ನಿಲ್ಲುತ್ತದೆ ಎಂಬುದನ್ನು 2025ರ ಒಂದು ಜೋಡಿ ತೋರಿಸುತ್ತದೆ. 749 ಡಾಲರಿಗೆ ಬಿಡುಗಡೆಯಾದ ಎನ್‌ವಿಡಿಯಾದ ಆರ್‌ಟಿಎಕ್ಸ್ 5070 ಟಿಐಯಲ್ಲೂ 599 ಡಾಲರಿಗೆ ಬಿಡುಗಡೆಯಾದ ಎಎಂಡಿಯ ಆರ್‌ಎಕ್ಸ್ 9070 ಎಕ್ಸ್‌ಟಿಯಲ್ಲೂ ಇರುವುದು 16 ಜಿಬಿಯೇ. ಇಂಥಲ್ಲಿ ಬೆಳಕಿನ ಕಿರಣಗಳನ್ನು ಅನುಸರಿಸುವ ರೇ ಟ್ರೇಸಿಂಗ್‌ನ ಬಲ, ಹಿಗ್ಗಿಸಿದ ಚಿತ್ರದ ಗುಣ, ಅಂಗಡಿಯಲ್ಲಿ ನಿಜವಾಗಿ ಸಿಗುವ ಬೆಲೆ ಇವು ತೀರ್ಮಾನಿಸಲಿ. ಆದರೆ ಆ ಪ್ರಶ್ನೆಗಳ ಸರದಿ ಬರುವುದು, ತನ್ನ ಪರದೆಯ ಪಿಕ್ಸೆಲ್‌ಗಳಿಗೆ ಈ ಕಾರ್ಡಿನಲ್ಲಿ ಜಾಗವೂ ದಾರಿಯೂ ಸಾಕೇ ಎಂಬುದು ಇತ್ಯರ್ಥವಾದ ಮೇಲೆ. ವೂಡೂವಿನ 2 ಎಂಬಿಯಲ್ಲಿ ಎರಡು ಚಿತ್ರಗಳೂ ಆಳದ ನಕ್ಷೆಯೂ ಹಿಡಿಯುತ್ತವೆಯೇ ಎಂಬ 1996ರ ಕೂಡು ಲೆಕ್ಕವನ್ನು ಇಂದಿಗೂ ಮೊದಲು ಮಾಡಬೇಕು.